ಬೆಟ್ಟದ ಶಿಬಿರಕ್ಕೆ ಹೊರಟ ಮಗು: ಆರೋಗ್ಯದ ನಮೂನೆಯಲ್ಲಿ ಏನನ್ನೂ ಮುಚ್ಚಿಡಬೇಡಿ

ವಾರ್ಷಿಕ ಪರೀಕ್ಷೆ ಮುಗಿದು ಶಾಲೆಗಳಿಗೆ ರಜೆ ಬಂದಿತೆಂದರೆ ಬೇಸಿಗೆ ಶಿಬಿರಗಳ ಕಾಲ ಆರಂಭ. ಚಿತ್ರಕಲೆ, ಈಜು, ನಾಟಕದ ಶಿಬಿರಗಳ ಜೊತೆಗೆ ಇನ್ನೊಂದು ಬಗೆಯ ಶಿಬಿರವೂ ನಮ್ಮಲ್ಲಿದೆ. ಒಂದು ಸಮಾಜದ ಸಂಘವೋ, ಮಠವೋ ತಮ್ಮವರ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ಮಲೆನಾಡಿಗೋ ಕೊಡಗಿಗೋ ಒಂದು ವಾರ, ಹತ್ತು ದಿನ ಕರೆದೊಯ್ಯುವ ಶಿಬಿರ. ಬೆಳಿಗ್ಗೆ ಪ್ರಾರ್ಥನೆ, ಯೋಗಾಸನ. ಆಮೇಲೆ ಮನೆಮಾತು, ಹಾಡು, ಹಬ್ಬಹರಿದಿನಗಳ ಪರಿಚಯ. ಸಂಜೆ ಗುಡ್ಡ ಹತ್ತುವುದು. ರಾತ್ರಿ ಬೆಂಕಿಯ ಸುತ್ತ ಕುಳಿತು ಕಥೆ. ಬೆಂಗಳೂರು, ಮುಂಬಯಿಗಳಲ್ಲಿ ಬೆಳೆದ ಮಕ್ಕಳು ತಮ್ಮ ಅಜ್ಜ-ಅಜ್ಜಿಯರ ಸೀಮೆಯನ್ನು ಮೊದಲು ಕಾಣುವುದು ಎಷ್ಟೋ ಸಲ ಇಂಥ ಶಿಬಿರದಲ್ಲೇ.

ಮಕ್ಕಳ ಆರೋಗ್ಯಕ್ಕಾಗಿ ಅವರನ್ನು ಗುಡ್ಡಗಾಡಿಗೆ ಕರೆದೊಯ್ಯುವ ಪದ್ಧತಿ ಹೊಸದಲ್ಲ. 1876ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪಾದ್ರಿ ವಾಲ್ಟರ್ ಬಿಯೋನ್ ಎಂಬುವರು ನಗರದ 68 ಮಕ್ಕಳನ್ನು ಅಪೆನ್‌ಜೆಲ್ ಎಂಬ ಗುಡ್ಡನಾಡಿಗೆ ರಜೆ ಕಳೆಯಲು ಕರೆದೊಯ್ದರು. ಈ ಪದ್ಧತಿ ಮುಂದೆ ಯೂರೋಪಿನ ಹಲವು ನಗರಗಳಿಗೆ ಹಬ್ಬಿತು. ಒಳ್ಳೆಯ ಗಾಳಿ, ಹೊತ್ತಿಗೆ ಸರಿಯಾದ ಊಟ, ಮೈದಣಿಯುವ ಆಟ, ಗಾಢ ನಿದ್ದೆ ಇವು ಅಂದಿನಂತೆ ಇಂದೂ ಮಕ್ಕಳಿಗೆ ಹಿತ. ದೂರದರ್ಶನ, ಮೊಬೈಲುಗಳಿಂದ ಹತ್ತು ದಿನ ದೂರವಿರುವುದು ಇನ್ನೊಂದು ಲಾಭ. ಆದ್ದರಿಂದ ಮಕ್ಕಳನ್ನು ಶಿಬಿರಕ್ಕೆ ಕಳಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಗೆ ಕಳಿಸಬೇಕು ಎಂಬುದಷ್ಟೇ ಈ ವಾರದ ವಿಚಾರ.

'ಅದೊಂದು ಬರೆಯಬೇಡಿ ಡಾಕ್ಟ್ರೇ'

ಏಪ್ರಿಲ್ ತಿಂಗಳು ಬಂತೆಂದರೆ ಶಿಬಿರದ ಅರ್ಜಿ ಹಿಡಿದು ಸಹಿಗಾಗಿ ಬರುವ ತಂದೆತಾಯಿಯರು ಪ್ರತಿಯೊಬ್ಬ ವೈದ್ಯರಿಗೂ ಪರಿಚಿತರು. ಅರ್ಜಿಯ ಕೊನೆಯಲ್ಲಿ ಒಂದು ಆರೋಗ್ಯದ ನಮೂನೆ ಇರುತ್ತದೆ. 'ಮಗುವಿಗೆ ಯಾವುದಾದರೂ ಕಾಯಿಲೆ ಇದೆಯೇ?' ಎಂಬ ಸಾಲಿನ ಮುಂದೆ ಬಹುಮಂದಿ 'ಇಲ್ಲ' ಎಂದು ಮೊದಲೇ ಬರೆದುಕೊಂಡು ಬಂದಿರುತ್ತಾರೆ. ಮಗುವಿಗೆ ಎರಡು ವರ್ಷದಿಂದ ಮೂರ್ಛೆರೋಗದ ಮಾತ್ರೆ ನಡೆಯುತ್ತಿದ್ದರೂ 'ಇಲ್ಲ'. ಚಳಿಗಾಲದಲ್ಲಿ ಎರಡೆರಡು ಸಲ ಉಬ್ಬಸ ಬಂದು ಆಸ್ಪತ್ರೆ ಸೇರಿದ್ದರೂ 'ಇಲ್ಲ'. ಏಕೆಂದು ಕೇಳಿದರೆ ಬರುವ ಉತ್ತರ ಒಂದೇ: 'ಅದೊಂದು ಬರೆಯಬೇಡಿ ಡಾಕ್ಟ್ರೇ. ಅಲ್ಲಿ ಇರೋರೆಲ್ಲ ನಮ್ಮವರೇ.'

ಬೇರೆಯವರು ನಡೆಸುವ ಶಿಬಿರವಾಗಿದ್ದರೆ ಇದೇ ತಂದೆತಾಯಿ ಇಷ್ಟು ಹಿಂಜರಿಯುತ್ತಿರಲಿಲ್ಲ. ತಮ್ಮದೇ ಸಮಾಜದ ಶಿಬಿರವೆಂದರೆ ಅಲ್ಲಿ ಅಡುಗೆ ನೋಡಿಕೊಳ್ಳುವವರು ದೂರದ ಅತ್ತೆ, ವ್ಯವಸ್ಥಾಪಕರು ಷಡ್ಡಕರ ಅಣ್ಣ. ಇಂದು ನಮೂನೆಯಲ್ಲಿ ಬರೆದದ್ದು ನಾಳೆ ಮದುವೆಮನೆಯ ಪಂಕ್ತಿಯಲ್ಲಿ ಮಾತಾಗುತ್ತದೆ, ಹುಡುಗಿಯಾದರೆ ಹತ್ತು ವರ್ಷದ ಮೇಲೆ ಸಂಬಂಧ ಕುದುರಿಸುವಾಗ ಅಡ್ಡ ಬರುತ್ತದೆ ಎಂಬ ಅಂಜಿಕೆ ಅವರದು. ಈ ಅಂಜಿಕೆಗೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಆದರೆ ಅದರ ಬೆಲೆ ತೆರುವುದು ಮಗು.

ನೀವೇ ಯೋಚಿಸಿ. ರಾತ್ರಿ ಎರಡು ಗಂಟೆಗೆ ಮಗುವಿನ ಬಳಿ ಇರುವವರು ಯಾರು? ಇಪ್ಪತ್ತು ಇಪ್ಪತ್ತೆರಡು ವರ್ಷದ ಒಬ್ಬ ಸ್ವಯಂಸೇವಕ ಮತ್ತು ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ. ಮಗು ಏದುಸಿರು ಬಿಡುತ್ತಿದ್ದರೆ ಅದು ಉಬ್ಬಸವೋ, ಹೆದರಿಕೆಯೋ, ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿದೆಯೋ ಎಂದು ಅವನಿಗೆ ತಿಳಿಯಬೇಕಾದರೆ ನೀವು ಮೊದಲೇ ಹೇಳಿರಬೇಕು. ಮಲೆನಾಡಿನ ಎಷ್ಟೋ ಕಡೆ ಮೊಬೈಲಿಗೆ ಸಂಕೇತ ಸಿಗುವುದಿಲ್ಲ. 'ಏನಾದರೂ ಆದರೆ ನಮಗೆ ಫೋನ್ ಮಾಡಿ' ಎಂಬ ಏರ್ಪಾಟು ಅಲ್ಲಿ ಕೈಕೊಡುತ್ತದೆ. ಇದರ ಜೊತೆಗೆ, ಮುಚ್ಚಿಟ್ಟ ಮಗು ತನ್ನ ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ. ಹತ್ತು ಜನರ ಮುಂದೆ ಮಾತ್ರೆ ನುಂಗಲು ನಾಚಿ ಅದು ಎರಡು ದಿನ ಬಿಟ್ಟುಬಿಡುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಉಬ್ಬಸವಿರುವ ಮಗು

ಬೆಟ್ಟದ ಗಾಳಿ ಉಬ್ಬಸಕ್ಕೆ ಒಳ್ಳೆಯದು ಎಂಬ ನಂಬಿಕೆ ಬಹಳ ಹಳೆಯದು. ಎಲ್ಲ ಮಕ್ಕಳಿಗೂ ಅದು ಅನ್ವಯಿಸುವುದಿಲ್ಲ. ಎತ್ತರ ಪ್ರತಿ 1000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಳಗಿನ ಜಾವದ ತಣ್ಣನೆಯ ಗಾಳಿ, ವರ್ಷವಿಡೀ ಮುಚ್ಚಿಟ್ಟಿದ್ದ ಸಭಾಭವನದ ಜಮಖಾನೆ, ಕಂಬಳಿಗಳ ಧೂಳು, ರಾತ್ರಿಯ ಬೆಂಕಿಯ ಹೊಗೆ, ಗುಡ್ಡ ಹತ್ತುವ ಆಯಾಸ, ಇವೆಲ್ಲ ಉಬ್ಬಸವನ್ನು ಕೆರಳಿಸುತ್ತವೆ.

ಶಿಬಿರಕ್ಕೆ ಮೂರು ನಾಲ್ಕು ವಾರ ಮೊದಲೇ ವೈದ್ಯರನ್ನು ಕಂಡು ಮಗುವಿನ ಉಬ್ಬಸ ಹತೋಟಿಯಲ್ಲಿದೆಯೇ ಎಂದು ನೋಡಿಸಿ. ದಿನವೂ ಎಳೆದುಕೊಳ್ಳುವ ಇನ್‌ಹೇಲರ್ ಇದ್ದರೆ ಶಿಬಿರದಲ್ಲೂ ತಪ್ಪಬಾರದು. ತಕ್ಷಣ ಆರಾಮ ಕೊಡುವ ಇನ್‌ಹೇಲರ್ ಮತ್ತು ಸ್ಪೇಸರ್ ಎರಡು ಜೊತೆ ಕಳಿಸಿ. ಒಂದು ಮಗುವಿನ ಬಳಿ, ಇನ್ನೊಂದು ಮುಖಂಡರ ಬಳಿ. ಮಗುವಿಗೆ ಸ್ವಂತ ಕಂಬಳಿ, ದಿಂಬು ಕಳಿಸುವುದು ಒಳಿತು. ಬೆಂಕಿಯ ಸುತ್ತ ಕೂರುವಾಗ ಹೊಗೆ ಬಾರದ ಕಡೆ ಕೂರಿಸಲು ಹೇಳಿ. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಕಾಯುವಂತಿಲ್ಲ. ಇನ್‌ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಬೇಕು.

ಮೂರ್ಛೆರೋಗವಿರುವ ಮಗು

ಮಾತ್ರೆಯಿಂದ ಹತೋಟಿಯಲ್ಲಿರುವ ಮಗು ಶಿಬಿರಕ್ಕೆ ಧಾರಾಳವಾಗಿ ಹೋಗಬಹುದು. ಆದರೆ ಮಾತ್ರೆ ತಪ್ಪುವುದು ಮತ್ತು ನಿದ್ದೆಗೆಡುವುದು, ಇವೆರಡೂ ಸೆಳವನ್ನು ಮರಳಿ ತರಬಲ್ಲವು. ಶಿಬಿರದಲ್ಲಿ ಈ ಎರಡಕ್ಕೂ ಅವಕಾಶ ಹೆಚ್ಚು. ರಾತ್ರಿಯ ಬಸ್ಸು, ಹನ್ನೊಂದರವರೆಗೆ ನಡೆಯುವ ಮನರಂಜನೆ, ಐದಕ್ಕೇ ಎಬ್ಬಿಸುವ ಗಂಟೆ! ಈ ಮಗುವಿಗೆ ಎಂಟು ಒಂಬತ್ತು ಗಂಟೆ ನಿದ್ದೆ ಬೇಕು ಎಂದು ನಮೂನೆಯಲ್ಲಿ ಬರೆಯಿರಿ. ಹೊಳೆ, ಕೆರೆ, ಬಂಡೆ ಹತ್ತುವುದು ಇಂಥ ಕಡೆಗಳಲ್ಲಿ ಒಬ್ಬ ಹಿರಿಯರು ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು. ಒಂದರ ಮೇಲೊಂದು ಮಂಚವಿದ್ದರೆ ಕೆಳಗಿನದನ್ನೇ ಕೊಡಬೇಕು.

ಸೆಳವು ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿ. ಬಾಯಿಗೆ ಚಮಚ ತುರುಕುವುದು, ನೀರು ಸುರಿಯುವುದು, ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಔಷಧವನ್ನು ವೈದ್ಯರು ಬರೆದುಕೊಟ್ಟರೆ ಅದನ್ನೂ, ಬಳಸುವ ವಿಧಾನವನ್ನೂ ಮುಖಂಡರಿಗೆ ತೋರಿಸಿಕೊಡಿ. ಇದಾವುದೂ ಗುಟ್ಟಾಗಿ ನಡೆಯುವ ಕೆಲಸವಲ್ಲ.

ಇನ್ಸುಲಿನ್ ತೆಗೆದುಕೊಳ್ಳುವ ಮಗು

ಬಾಲ್ಯದಲ್ಲೇ ಮಧುಮೇಹ ಬಂದು ಇನ್ಸುಲಿನ್ ಅವಲಂಬಿಸಿರುವ ಮಕ್ಕಳಿಗೆ ಶಿಬಿರದ ದೊಡ್ಡ ಅಪಾಯ ರಕ್ತದಲ್ಲಿ ಸಕ್ಕರೆ ಕುಸಿಯುವುದು. ಗುಡ್ಡ ಹತ್ತಿದ ದಿನ ಅದು ಆಗಲೇ ಕುಸಿಯಬಹುದು, ಅಂದಿನ ರಾತ್ರಿ ನಿದ್ದೆಯಲ್ಲೂ ಕುಸಿಯಬಹುದು. ಮಠದ ಶಿಬಿರಗಳಲ್ಲಿ ಮಹಾಪೂಜೆ ಮುಗಿಯುವವರೆಗೆ ಊಟ ಬಡಿಸದ ಪದ್ಧತಿ ಇರುತ್ತದೆ; ಏಕಾದಶಿ ಬಂದರೆ ಉಪವಾಸವೂ ಇರಬಹುದು. ಇನ್ಸುಲಿನ್ ಚುಚ್ಚಿಕೊಂಡ ಮಗು ಪೂಜೆಗೆ ಕಾಯುವಂತಿಲ್ಲ. ಇದನ್ನು ಮೊದಲೇ ಹೇಳಿದರೆ ಯಾವ ಮಠದವರೂ ಇಲ್ಲವೆನ್ನರು. ಹೇಳದಿದ್ದರೆ ಮಗು ಸಂಕೋಚದಿಂದ ಸುಮ್ಮನೆ ಕುಳಿತಿರುತ್ತದೆ.

ಬೆವರು, ನಡುಕ, ಇದ್ದಕ್ಕಿದ್ದಂತೆ ಸಿಡಿಮಿಡಿ, ಮಂಪರು ಇವು ಸಕ್ಕರೆ ಕುಸಿದ ಲಕ್ಷಣಗಳು. ಎಚ್ಚರವಿದ್ದರೆ ಮೂರು ಚಹಾ ಚಮಚದಷ್ಟು ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಾಸಿಗೆ ಒದ್ದೆ, ಮೊದಲ ಮುಟ್ಟು

ಇವೆರಡೂ ಕಾಯಿಲೆಗಳಲ್ಲ. ಆದರೂ ಮಕ್ಕಳನ್ನು ಹೆಚ್ಚು ಹಿಂಸಿಸುವುದು ಇವೇ. ಏಳು ವರ್ಷದ 100 ಮಕ್ಕಳಲ್ಲಿ 5ರಿಂದ 10 ಮಕ್ಕಳು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುತ್ತಾರೆ. ಅದು ಸೋಮಾರಿತನವಲ್ಲ, ಸೊಕ್ಕೂ ಅಲ್ಲ. ವಯಸ್ಸಾದಂತೆ ಬಹುತೇಕ ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ರಾತ್ರಿ ಒಮ್ಮೆ ಎಬ್ಬಿಸುವ, ಬೆಳಿಗ್ಗೆ ಸದ್ದಿಲ್ಲದೆ ಹೊದಿಕೆ ಬದಲಿಸುವ ಒಬ್ಬ ನಂಬಿಕೆಯ ಹಿರಿಯರಿದ್ದರೆ ಸಾಕು. ಶಿಬಿರದಂಥ ಕೆಲವೇ ದಿನಗಳಿಗೆಂದು ವೈದ್ಯರು ಡೆಸ್ಮೋಪ್ರೆಸಿನ್ ಎಂಬ ಮಾತ್ರೆ ಕೊಡುವುದುಂಟು. ಅದನ್ನು ಮನೆಯಲ್ಲಿ ಮೊದಲೇ ಕೊಟ್ಟು ನೋಡಿರಬೇಕು. ಮಾತ್ರೆ ನುಂಗುವುದಕ್ಕೆ ಒಂದು ಗಂಟೆ ಮೊದಲಿನಿಂದ ಬೆಳಗಿನವರೆಗೆ ಮಗು ಹೆಚ್ಚು ನೀರು ಕುಡಿಯಬಾರದು.

ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಮೊದಲ ಮುಟ್ಟು ಶಿಬಿರದಲ್ಲೇ ಬರಬಹುದು. ಏನಾಗುತ್ತದೆಂದು ತಾಯಿ ಮೊದಲೇ ತಿಳಿಸಿ, ಚೀಲದಲ್ಲಿ ಪ್ಯಾಡುಗಳನ್ನಿಟ್ಟು, ಯಾರನ್ನು ಕೇಳಬೇಕೆಂದು ಹೆಸರು ಹೇಳಿ ಕಳಿಸಬೇಕು. ಕೆಲವು ಕಡೆ ಮುಟ್ಟಾದ ಹುಡುಗಿಯನ್ನು ಎಲ್ಲರೆದುರು ಬೇರೆ ಕೂರಿಸುವ ರೂಢಿ ಇದೆ. ಮನೆಯಿಂದ ದೂರವಿರುವ, ಮೊದಲೇ ಹೆದರಿರುವ ಹುಡುಗಿಗೆ ಅದು ಆಗುವ ಅವಮಾನ ಸಣ್ಣದಲ್ಲ. ಸಂಘಟಕರು ಇದನ್ನು ಶಿಬಿರಕ್ಕೆ ಮುಂಚೆಯೇ ಯೋಚಿಸಿ ತೀರ್ಮಾನಿಸಬೇಕು.

ಗುಟ್ಟು ಕಾಪಾಡುವುದು ಸಂಘಟಕರ ಹೊಣೆ

ತಂದೆತಾಯಿ ನಿಜ ಹೇಳಬೇಕಾದರೆ ಹೇಳಿದ್ದು ಹೊರಗೆ ಹೋಗದೆಂಬ ಭರವಸೆ ಬೇಕು. ಇದಕ್ಕೆ ಖರ್ಚೇನೂ ಇಲ್ಲ. ಆರೋಗ್ಯದ ನಮೂನೆಯನ್ನು ಅರ್ಜಿಯಿಂದ ಬೇರ್ಪಡಿಸಿ, ಮುಚ್ಚಿದ ಲಕೋಟೆಯಲ್ಲಿ ಒಬ್ಬ ವೈದ್ಯರಿಗೆ ಅಥವಾ ಒಬ್ಬ ಹೊಣೆಗಾರರಿಗೆ ಮಾತ್ರ ತಲುಪುವಂತೆ ಮಾಡಿ. ಆ ಮಗುವಿನ ಕೊಠಡಿ ನೋಡಿಕೊಳ್ಳುವವರಿಗೆ ಅಗತ್ಯವಾದಷ್ಟನ್ನು ಮಾತ್ರ ಅವರು ತಿಳಿಸಲಿ. ಮಾತ್ರೆ ಕೊಡುವುದನ್ನು ಊಟದ ಪಂಕ್ತಿಯಲ್ಲಿ ಹೆಸರು ಕೂಗಿ ಮಾಡಬಾರದು. ಶಿಬಿರ ಮುಗಿದ ಮೇಲೆ ನಮೂನೆಯನ್ನು ತಂದೆತಾಯಿಗೇ ಹಿಂದಿರುಗಿಸಬೇಕು. ಹೀಗೆ ಮಾಡುತ್ತೇವೆಂದು ಅರ್ಜಿಯಲ್ಲೇ ಅಚ್ಚು ಹಾಕಿಸಿದರೆ, 'ಇಲ್ಲ' ಎಂದು ಬರೆಯುವವರು ಕಡಿಮೆಯಾಗುತ್ತಾರೆ.

ಕಾಡು, ನೀರು, ಹಾವು

ತಂದೆತಾಯಿ ಸಂಘಟಕರನ್ನೂ ಕೆಲವು ಮಾತು ಕೇಳಬೇಕು. ಮೊದಲನೆಯದು, ಶಿಬಿರದ ಸುತ್ತ ಮಂಗನ ಕಾಯಿಲೆ ಇದೆಯೇ? 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಅಂದರೆ ನಮ್ಮ ಬೇಸಿಗೆ ಶಿಬಿರಗಳು ನಡೆಯುವುದು ಇದೇ ಕಾಲದಲ್ಲಿ. ಇದನ್ನು ಹರಡುವುದು ಕಾಡಿನ ಉಣ್ಣೆ, ಮಲೆನಾಡಿನವರು ಉಣುಗು ಎನ್ನುವ ಸಣ್ಣ ಹುಳ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದ್ದರಿಂದ ಉಣ್ಣೆ ಕಚ್ಚದಂತೆ ನೋಡಿಕೊಳ್ಳುವುದೇ ಉಪಾಯ. ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಮಂಗಗಳು ಸತ್ತ ಅಥವಾ ಜ್ವರ ಕಂಡ ಕಾಡಿಗೆ ಮಕ್ಕಳನ್ನು ಕರೆದೊಯ್ಯಬಾರದು. ಮೈತುಂಬ ಬಟ್ಟೆ ಹಾಕಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ತರಗೆಲೆಯ ಮೇಲೆ ಕೂರಲು ಬಿಡದೆ, ಹಿಂದಿರುಗಿದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿಸಬೇಕು. ಕಚ್ಚಿಕೊಂಡ ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು, ಸುಡಬಾರದು. ಇಂಬಳ ಬೇರೆ ವಿಷಯ. ಅದು ಕಚ್ಚಿದ ಕಡೆ ರಕ್ತ ಸ್ವಲ್ಪ ಹೊತ್ತು ಜಿನುಗಿದರೂ ಹೆದರಬೇಕಿಲ್ಲ, ತೊಳೆದು ಒತ್ತಿ ಹಿಡಿದರೆ ಸಾಕು.

ಎರಡನೆಯದು ನೀರು. ಬೆಟ್ಟದ ಹಳ್ಳದ ನೀರು ತಿಳಿಯಾಗಿ ಕಂಡಮಾತ್ರಕ್ಕೆ ಶುದ್ಧವಲ್ಲ; ಕುದಿಸಿಯೇ ಕುಡಿಯಬೇಕು. ಬುತ್ತಿ ಕಟ್ಟಿದ ಅನ್ನವನ್ನು ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಹೊತ್ತು ತಿರುಗಿದರೆ ವಾಂತಿಭೇದಿ ಖಚಿತವೆಂದೇ ತಿಳಿಯಿರಿ. ಓಆರ್‌ಎಸ್ ಪೊಟ್ಟಣಗಳು ಸಾಕಷ್ಟಿರಲಿ. ಇನ್ನು ಹೊಳೆಗೆ ಇಳಿಯುವ ಮಾತು: ಆಳ ತಿಳಿದ ಸ್ಥಳೀಯರು, ಈಜು ಬಲ್ಲ ಹಿರಿಯರು ಇಲ್ಲದ ಕಡೆ ಮೊಣಕಾಲು ನೀರಿಗೂ ಮಕ್ಕಳನ್ನು ಬಿಡಬಾರದು.

ಮೂರನೆಯದು ಹಾವು. ನೆಲದ ಮೇಲೆ ಮಲಗುವ ಮಕ್ಕಳಿಗೆ ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸೇರಿಸಿದರೆ ಸೊಳ್ಳೆಯ ಜೊತೆಗೆ ಕಟ್ಟುಹಾವಿನಿಂದಲೂ ರಕ್ಷಣೆ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ವಿಷನಿರೋಧಕ ಚುಚ್ಚುಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ, ರಾತ್ರಿಯಿಡೀ ಚಾಲಕನ ಸಮೇತ ನಿಲ್ಲುವ ವಾಹನ ಇದೆಯೇ? 108 ಇದ್ದೇ ಇದೆ, ಆದರೆ ಫೋನ್ ಸಿಗದ ಜಾಗದಲ್ಲಿ ಸ್ವಂತ ವಾಹನವೇ ಗತಿ. ಇದಕ್ಕೆ ಉತ್ತರವಿಲ್ಲದ ಶಿಬಿರಕ್ಕೆ ಮಗುವನ್ನು ಕಳಿಸಬೇಡಿ.

ನಾಯಿ ಅಥವಾ ಮಂಗ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಹುಚ್ಚುನಾಯಿ ರೋಗದ ಲಸಿಕೆ ಆರಂಭಿಸಬೇಕು. ಎತ್ತರದಿಂದ ಬರುವ ತಲೆನೋವು, ವಾಂತಿಯ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ಮೇಲಿನದು. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಆದ್ದರಿಂದ ಕರ್ನಾಟಕದ ಶಿಬಿರಗಳಲ್ಲಿ ಆ ಭಯವಿಲ್ಲ. ಹಿಮಾಲಯಕ್ಕೆ ಹೋಗುವವರು ಮಾತ್ರ ಎಚ್ಚರದಿಂದಿರಬೇಕು. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ವಾಂತಿ ಮಾಡುವ ಮಗುವನ್ನು ಬಸ್ಸಿನ ಮುಂಭಾಗದಲ್ಲಿ ಕೂರಿಸಿ, ಹೊಟ್ಟೆ ಬಿರಿಯುವಂತೆ ತಿನ್ನಿಸದೆ, ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಮುಂಚೆ ಕೊಟ್ಟರೆ ಸಾಕು.

ನಮೂನೆಯಲ್ಲಿ ಇರಬೇಕಾದದ್ದು

* ಮಗುವಿಗೆ ಇರುವ ತೊಂದರೆ, ಅದು ಕೊನೆಯ ಸಲ ಬಂದದ್ದು ಯಾವಾಗ, ಬಂದಾಗ ಹೇಗಿರುತ್ತದೆ.
* ಔಷಧದ ಹೆಸರು, ಪ್ರಮಾಣ, ಹೊತ್ತು. ಎರಡು ದಿನಕ್ಕೆ ಆಗುವಷ್ಟು ಹೆಚ್ಚುವರಿ ಔಷಧ, ಚೀಟಿಯ ನಕಲು.
* ಒಗ್ಗದ ಔಷಧ ಮತ್ತು ಆಹಾರ.
* ಹತ್ತನೆಯ ಹಾಗೂ ಹದಿನಾರನೆಯ ವರ್ಷದ ಧನುರ್ವಾಯು ಲಸಿಕೆ ಆಗಿದೆಯೇ.
* ಮಗುವಿನ ವೈದ್ಯರ ಹಾಗೂ ಮನೆಯ ಇಬ್ಬರ ದೂರವಾಣಿ ಸಂಖ್ಯೆ.
* ತುರ್ತು ಚಿಕಿತ್ಸೆಗೆ ತಂದೆತಾಯಿಯ ಲಿಖಿತ ಒಪ್ಪಿಗೆ.

ಹೊರಡುವ ದಿನ ಮಗುವಿಗೆ ಜ್ವರವಿದ್ದರೆ ಅಥವಾ ಮೈಮೇಲೆ ಗುಳ್ಳೆ ಎದ್ದಿದ್ದರೆ ಹಣ ಕಟ್ಟಿದ್ದೇವೆಂದು ಕಳಿಸಬೇಡಿ. ಒಂದು ಸಿಡುಬು, ಅಂದರೆ ಚಿಕನ್‌ಪಾಕ್ಸ್, ಇಡೀ ಶಿಬಿರಕ್ಕೆ ಹರಡಲು ಒಂದೇ ಕೊಠಡಿ ಸಾಕು.

ಹಿಂದಿರುಗಿದ ಮೇಲೂ ನಿಜ ಹೇಳಿ

ಶಿಬಿರದಿಂದ ಬಂದ ಮೂರು ವಾರದೊಳಗೆ ಮಗುವಿಗೆ ಜ್ವರ ಬಂದರೆ, ಎಲ್ಲಿಗೆ ಹೋಗಿತ್ತು, ಕಾಡಿಗೆ ಹೊಕ್ಕಿತ್ತೇ, ಕೆಸರು ನೀರಿನಲ್ಲಿ ಆಡಿತ್ತೇ, ಉಣ್ಣೆ ಕಚ್ಚಿತ್ತೇ ಎಂಬುದನ್ನು ವೈದ್ಯರಿಗೆ ಅವರು ಕೇಳುವ ಮೊದಲೇ ಹೇಳಿ. ಮಂಗನ ಕಾಯಿಲೆ, ಇಲಿಜ್ವರ, ಚಿಗ್ಗರ್ ಹುಳದಿಂದ ಬರುವ ಸ್ಕ್ರಬ್ ಟೈಫಸ್ ಇವೆಲ್ಲ ಆರಂಭದಲ್ಲಿ ಮಾಮೂಲಿ ಜ್ವರದಂತೆಯೇ ಕಾಣುತ್ತವೆ. ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್‌ಗಳಿಗೆ ಬೇಗ ಕೊಟ್ಟರೆ ಗುಣವಾಗುವ ಔಷಧವಿದೆ. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲದಿದ್ದರೂ ಬೇಗ ಗುರುತಿಸಿ ಆಸ್ಪತ್ರೆಯಲ್ಲಿ ಆರೈಕೆ ಮಾಡಿದರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ನೀವಾಗಿ ಕೊಡಬೇಡಿ.

ಒಂದು ಸಮಾಜದವರು ಸೇರಿ ತಮ್ಮ ಮಕ್ಕಳಿಗಾಗಿ ಶಿಬಿರ ನಡೆಸುವುದು ಅವು ತಮ್ಮವರ ನಡುವೆ ನಿಶ್ಚಿಂತೆಯಿಂದ ಬೆಳೆಯಲಿ ಎಂದೇ ಅಲ್ಲವೆ? ಮಗುವಿನ ಕಾಯಿಲೆಯನ್ನು ತಮ್ಮವರಿಂದಲೇ ಮುಚ್ಚಿಡಬೇಕಾಗಿ ಬಂದರೆ ಆ ಉದ್ದೇಶ ಅಷ್ಟರ ಮಟ್ಟಿಗೆ ಸೋತಂತೆ. ಈ ಬಾರಿ ಅರ್ಜಿ ತುಂಬುವಾಗ 'ಇಲ್ಲ' ಎಂದು ಬರೆಯುವ ಮುನ್ನ ಒಮ್ಮೆ ಯೋಚಿಸಿ. ಸಂಘದ ಹಿರಿಯರಾಗಿದ್ದರೆ, ತಂದೆತಾಯಿ ಹೆದರದೆ 'ಹೌದು' ಎಂದು ಬರೆಯುವಂಥ ನಮೂನೆಯನ್ನು ಅಚ್ಚು ಹಾಕಿಸಿ.